ಬೆಲ್ ಬಾಟಮ್ ಪ್ಯಾಂಟಿನ ದೋಷ ನಿವಾರಣೆ: ಕಣ್ಣಿಗೆ ಕಾಣುವ ಲಕ್ಷಣದಿಂದ ಮೂಲ ಕಾರಣದವರೆಗೆ

1970ರ ದಶಕದ ಬೆಲ್ ಬಾಟಮ್, ಅಂದರೆ ಮೊಣಕಾಲಿನ ಕೆಳಗೆ ಗಂಟೆಯಂತೆ ಅರಳುವ ಪ್ಯಾಂಟನ್ನು ವಿನ್ಯಾಸ ಮಾಡಿ ಹೊಲಿಯಲು ಹೊರಡುವ ಫ್ಯಾಷನ್ ವಿದ್ಯಾರ್ಥಿಗಳು ಎಡವುವುದು ಬಹುತೇಕ ಒಂದೇ ಕಡೆ. ಅವರು ಇಂದಿನ ಜೀನ್ಸ್‌ನ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬಳಸುವ ಕಾಗದದ ನಕ್ಷೆ) ತೆಗೆದುಕೊಂಡು ಮೊಣಕಾಲಿನ ಕೆಳಗೆ ಅಗಲ ಸೇರಿಸುತ್ತಾರೆ, ಸೊಂಟವನ್ನು ಎರಡು ಇಂಚು ಮೇಲಕ್ಕೇರಿಸುತ್ತಾರೆ, ಆಮೇಲೆ ಬಟ್ಟೆ ಏಕೆ ಮಾತು ಕೇಳುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಇಂದಿನ ಜೀನ್ಸ್ ಬಟ್ಟೆಯಲ್ಲಿ ಸಾಮಾನ್ಯವಾಗಿ ಶೇಕಡಾ ಒಂದೆರಡರಷ್ಟು ಸ್ಪ್ಯಾಂಡೆಕ್ಸ್ ಇರುವುದರಿಂದ ಅದು ಮೈಗೆ ಅಂಟಿಕೊಂಡು ನಿಲ್ಲುತ್ತದೆ, ಅಳತೆಯ ಸಣ್ಣಪುಟ್ಟ ತಪ್ಪುಗಳನ್ನು ಹಿಗ್ಗಿ ಮುಚ್ಚುತ್ತದೆ. ಟೆರಿಕಾಟ್, ಗ್ಯಾಬರ್ಡೀನ್, ಕಾರ್ಡುರಾಯ್‌ಗಳಲ್ಲಿ ಹೊಲಿದ ಹಳೆಯ ಬೆಲ್ ಬಾಟಮ್ ಹಾಗಲ್ಲ. ಅದು ಸೊಂಟದಿಂದ ತೂಗುತ್ತದೆ. ತೂಗುವ ಬಟ್ಟೆಯಲ್ಲಿ ಮೇಲೆ ಆದ ತಪ್ಪು ಕೆಳಗೆ ಕಾಣಿಸುತ್ತದೆ. ಆದ್ದರಿಂದ ದೋಷ ಕಂಡ ಜಾಗದಲ್ಲೇ ಕತ್ತರಿ ಹಾಕುವುದು ಬಹಳ ಸಲ ತಪ್ಪಾಗುತ್ತದೆ.

ಮುಂದಿನ ಭಾಗಗಳನ್ನು ಕಣ್ಣಿಗೆ ಬೀಳುವ ಲಕ್ಷಣಗಳ ಪ್ರಕಾರ ಜೋಡಿಸಿದ್ದೇನೆ. ಪ್ರತಿ ಭಾಗದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಹೊಲಿಗೆ ಬಿಚ್ಚುವ ಕೆಲಸ ಆಮೇಲೆ, ಬಟ್ಟೆ ಕತ್ತರಿಸುವ ಕೆಲಸ ಕೊನೆಗೆ ಬರುತ್ತದೆ.

ಹೊಲಿಗೆ ಬಿಚ್ಚುವ ರಿಪ್ಪರ್ ಕೈಗೆತ್ತಿಕೊಳ್ಳುವ ಮುನ್ನ

ಪ್ಯಾಂಟನ್ನು ಯಾವ ಚಪ್ಪಲಿ ಅಥವಾ ಶೂ ಜೊತೆ ತೊಡಲಿದ್ದೀರೋ ಅದನ್ನೇ ಹಾಕಿಕೊಂಡು ನಿಲ್ಲಿ. ಜೇಬಿನಲ್ಲಿರುವ ಮೊಬೈಲು, ಬೀಗದ ಕೈ ತೆಗೆದಿಡಿ. ಬಳಿಕ ಅರ್ಧ ಇಂಚಿನ ಎಲಾಸ್ಟಿಕ್ ಅಥವಾ ಲಂಗದ ಲಾಡಿಯೊಂದನ್ನು ಪ್ಯಾಂಟಿನ ಮೇಲೆ, ನಿಜವಾದ ಸೊಂಟದ ಸುತ್ತ ಬಿಗಿಯಾಗಿ ಕಟ್ಟಿ, ಬಟ್ಟೆಯನ್ನು ಅದರಡಿಯಲ್ಲಿ ಸಮನಾಗಿ ಎಳೆದು ಕೂರಿಸಿ. ಸೊಂಟ ಅರ್ಧ ಇಂಚು ಸಡಿಲವಾಗಿದ್ದರೂ ಇಡೀ ಪ್ಯಾಂಟ್ ಕೆಳಕ್ಕೆ ಜಾರಿ, ಹಿಂಬದಿಯಲ್ಲಿ ಮಡಿಕೆ, ಮೊಣಕಾಲಿನ ರೇಖೆ ತಪ್ಪಿದಂತೆ ಕಾಣುವುದು, ಅಂಚು ನೆಲ ಒರೆಸುವುದು ಎಲ್ಲವೂ ಒಟ್ಟಿಗೇ ಶುರುವಾಗುತ್ತವೆ. ಲಾಡಿ ಕಟ್ಟಿದ ಮೇಲೆ ದೋಷ ಮಾಯವಾದರೆ ನೀವು ಸರಿಪಡಿಸಬೇಕಾದದ್ದು ಸೊಂಟದ ಅಳತೆಯೊಂದನ್ನೇ.

ಫೋನನ್ನು ನಿಮ್ಮ ಸೊಂಟದ ಎತ್ತರಕ್ಕೆ ಇಟ್ಟು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಹಾಗೂ ಕುರ್ಚಿಯಲ್ಲಿ ಕುಳಿತು ಚಿತ್ರ ತೆಗೆಯಿರಿ. ಕನ್ನಡಿಯಲ್ಲಿ ಹಿಂದೆ ತಿರುಗಿ ನೋಡಿದರೆ ಬಟ್ಟೆಯೂ ನಿಮ್ಮ ಜೊತೆ ತಿರುಗುತ್ತದೆ, ಆ ನೋಟವನ್ನು ನಂಬುವಂತಿಲ್ಲ.

ಸುಕ್ಕು ಕಂಡಲ್ಲಿ ಅದನ್ನು ಎರಡು ಬೆರಳಿನಿಂದ ಚಿವುಟಿ ನೋಡಿ. ಬಟ್ಟೆ ಸುಲಭವಾಗಿ ಬೆರಳಿಗೆ ಸಿಕ್ಕರೆ ಅಲ್ಲಿ ಬಟ್ಟೆ ಹೆಚ್ಚಾಗಿದೆ. ಗೆರೆ ತಂತಿಯಂತೆ ಬಿಗಿದುಕೊಂಡಿದ್ದು ಚಿವುಟಲು ಸಿಗದಿದ್ದರೆ ಬಟ್ಟೆ ಸಾಲದಾಗಿದೆ, ಮತ್ತು ಸಾಲದ ಜಾಗ ಆ ಗೆರೆಯ ಯಾವುದೋ ಒಂದು ತುದಿಯಲ್ಲಿದೆ. ಈ ಒಂದು ಪರೀಕ್ಷೆ ಮುಂದಿನ ಎಲ್ಲ ಭಾಗಗಳಲ್ಲೂ ಬೇಕಾಗುತ್ತದೆ.

ಲಕ್ಷಣ: ಹೊಲಿಗೆ ತಪ್ಪುತ್ತಿದೆ, ದಾರ ಕಡಿಯುತ್ತಿದೆ, ಹೊಲಿಗೆಯುದ್ದಕ್ಕೂ ಸುಕ್ಕು ಬರುತ್ತಿದೆ

ಮೊದಲು ಸೂಜಿ ಬದಲಿಸಿ. ಬದಲಿಸುವಾಗ ಮೋಟರಿನ ಪ್ಲಗ್ ತೆಗೆದಿರಬೇಕು. ಕಾಲು ಅರಿಯದೇ ಪೆಡಲ್ ಮೇಲೆ ಬಿದ್ದರೆ ಸೂಜಿ ಬೆರಳಿನೊಳಗೆ ಇಳಿಯುತ್ತದೆ. ಗ್ಯಾಬರ್ಡೀನ್ ಮತ್ತು ತೆಳು ಡ್ರಿಲ್‌ಗೆ 14ನೇ ನಂಬರ್, ಡೆನಿಮ್‌ಗೆ 16, ನಾಲ್ಕಾರು ಪದರ ಸೇರುವ ಬೆಲ್ಟ್ ಲೂಪಿನಂಥ ಕಡೆ 18 ಹೊಂದುತ್ತದೆ. ಸೂಜಿಯ ಮೈಮೇಲಿರುವ ಉದ್ದನೆಯ ತೋಡು ದಾರ ಒಳಹೋಗುವ ಬದಿಗೆ ಇರಬೇಕು, ಮತ್ತು ಸೂಜಿಯ ತಲೆ ಪೂರ್ತಿ ಮೇಲಕ್ಕೆ ತಾಗಿರಬೇಕು. ಹೊಲಿಗೆ ತಪ್ಪುವ ದೂರುಗಳಲ್ಲಿ ಬಹುಪಾಲು ಇಲ್ಲಿಗೇ ಮುಗಿಯುತ್ತವೆ. ಮುಗಿಯದಿದ್ದರೆ ಪ್ರೆಸರ್ ಫೂಟ್ ಎತ್ತಿ ಮೇಲಿನ ದಾರವನ್ನು ಹೊಸದಾಗಿ ಪೋಣಿಸಿ, ಬಾಬಿನ್ ಕೇಸಿನ ಪತ್ತಿಯ ಕೆಳಗೆ ಸಿಕ್ಕಿದ ನೂಲಿನ ಧೂಳನ್ನು ಬ್ರಷ್‌ನಿಂದ ತೆಗೆಯಿರಿ.

ಸುಕ್ಕಿನ ವಿಷಯದಲ್ಲಿ ಕಾರಣ ಹುಡುಕಲು ಒಂದು ಸರಳ ಉಪಾಯವಿದೆ. ಚೂರು ಬಟ್ಟೆಯ ಮೇಲೆ ಒಂದು ಗೇಣು ಹೊಲಿದು, ಮೇಲಿನ ದಾರವನ್ನು ನಾಲ್ಕೈದು ಕಡೆ ಕತ್ತರಿಸಿ. ಸುಕ್ಕು ಬಿಚ್ಚಿಕೊಂಡರೆ ದಾರದ ಟೆನ್ಷನ್ ಬಿಗಿಯಾಗಿದೆ, ಡಯಲನ್ನು ಸ್ವಲ್ಪ ಸಡಿಲಿಸಿದರೆ ಸಾಕು. ದಾರ ಕತ್ತರಿಸಿದ ಮೇಲೂ ಸುಕ್ಕು ಹಾಗೇ ಉಳಿದರೆ ಒಂದೋ ಎರಡು ಪದರಗಳು ಸಮನಾಗಿ ಸಾಗುತ್ತಿಲ್ಲ, ಇಲ್ಲವೇ ಒತ್ತಾಗಿ ನೇಯ್ದ ಬಟ್ಟೆಯೊಳಗೆ ದಪ್ಪ ದಾರಕ್ಕೆ ಜಾಗವಿಲ್ಲ. ತೆಳು ಸೂಜಿ, ತೆಳು ದಾರ, ಇಂಚಿಗೆ ಹತ್ತು ಹೊಲಿಗೆ ಎಂಬ ಕ್ರಮಕ್ಕೆ ಬನ್ನಿ.

ಡೆನಿಮ್‌ನ ದಪ್ಪ ಕೂಡುಗಳ ಮೇಲೆ ಮೆಷಿನ್ ಓಡಿಸಬೇಡಿ. ಫೂಟಿನ ಹಿಂಭಾಗಕ್ಕೆ ಅದೇ ದಪ್ಪದ ಬಟ್ಟೆಯ ಮಡಿಕೆ ಕೊಟ್ಟು ಮಟ್ಟ ಮಾಡಿ, ಕೈಚಕ್ರ ತಿರುಗಿಸಿ ದಾಟಿಸಿ. ಸೂಜಿ ಮುರಿದಾಗ ಅದರ ತುದಿ ಕಣ್ಣಿನ ಎತ್ತರಕ್ಕೇ ಹಾರಬಹುದು. ಕನ್ನಡಕವಿದ್ದರೆ ಹಾಕಿಕೊಳ್ಳಿ, ಮುರಿದ ತುಂಡು ಸಿಗುವವರೆಗೆ ಮುಂದೆ ಹೊಲಿಯಬೇಡಿ. ಹೊಸ ಸೂಜಿ, ಹೊಸದಾಗಿ ಪೋಣಿಸಿದ ದಾರ, ಸಾಧಾರಣ ಹತ್ತಿ ಬಟ್ಟೆ ಇಷ್ಟಿದ್ದೂ ಹೊಲಿಗೆ ತಪ್ಪಿದರೆ ಶಟಲ್‌ನ ಮೊನೆ ಸವೆದಿರಬಹುದು ಅಥವಾ ಟೈಮಿಂಗ್ ತಪ್ಪಿರಬಹುದು. ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ ಅವರನ್ನು ಕರೆಯಿರಿ. ಮೋಟರಿನಿಂದ ಸುಟ್ಟ ವಾಸನೆ ಬಂದರೂ ಅಷ್ಟೇ, ಸ್ಕ್ರೂಡ್ರೈವರ್ ಹಿಡಿಯುವುದು ಬೇಡ.

ಲಕ್ಷಣ: ಒಂದು ಕಾಲು ಗಾಢವಾಗಿ, ಇನ್ನೊಂದು ತಿಳಿಯಾಗಿ ಕಾಣುತ್ತಿದೆ

ಇದು ಕಾರ್ಡುರಾಯ್ ಮತ್ತು ವೆಲ್ವೆಟೀನ್‌ನಲ್ಲಿ ಹೆಚ್ಚಾಗಿ ಬರುವ ಕಾಟ. ಬಣ್ಣ ಹಾಕಿದವರ ತಪ್ಪೆಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮೊದಲು ಎರಡೂ ಕಾಲುಗಳ ಮೇಲೆ ಅಂಗೈಯನ್ನು ಮೇಲಿನಿಂದ ಕೆಳಕ್ಕೆ ಸವರಿ. ಒಂದು ಕಾಲು ಬೆಕ್ಕಿನ ಬೆನ್ನಿನಂತೆ ನುಣುಪಾಗಿ, ಇನ್ನೊಂದು ಎದುರು ಕೂದಲಿನಂತೆ ಒರಟಾಗಿ ತಾಗಿದರೆ, ಬಟ್ಟೆ ಉಳಿಸಲು ಪ್ಯಾಟರ್ನನ್ನು ತಲೆಕೆಳಗು ಇಟ್ಟು ಕತ್ತರಿಸಲಾಗಿದೆ ಎಂದರ್ಥ. ನವಿರು (ಬಟ್ಟೆಯ ಮೇಲ್ಮೈಯ ಸಣ್ಣ ಕೂದಲು) ಮೇಲ್ಮುಖವಾಗಿದ್ದರೆ ಬಣ್ಣ ಗಾಢವಾಗಿ, ಕೆಳಮುಖವಾಗಿದ್ದರೆ ತಿಳಿಯಾಗಿ ಕಾಣುತ್ತದೆ. ಇದಕ್ಕೆ ಹೊಲಿಗೆಯಲ್ಲಿ ಪರಿಹಾರವಿಲ್ಲ. ಆ ಕಾಲಿನ ತುಂಡುಗಳನ್ನು ಹೊಸದಾಗಿ ಕತ್ತರಿಸಲೇಬೇಕು. ಕತ್ತರಿಸುವ ಮೊದಲೇ ಬಟ್ಟೆಯ ಹಿಂಬದಿಯಲ್ಲಿ ಅಡಿಗೊಂದರಂತೆ ಒಂದೇ ದಿಕ್ಕಿಗೆ ಚಾಕ್‌ನಲ್ಲಿ ಬಾಣದ ಗುರುತು ಹಾಕಿದರೆ ಈ ನಷ್ಟ ಬರುವುದಿಲ್ಲ.

ಲಕ್ಷಣ: ಬೆಲ್ಟ್ ಪಟ್ಟಿ ಹಿಂದೆ ಬಾಯಿ ಬಿಡುತ್ತಿದೆ, ಅಥವಾ ಕುಳಿತಾಗ ಮಡಚಿಕೊಳ್ಳುತ್ತಿದೆ

ಪಟ್ಟಿಯೊಳಗಿನ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಒಳಪದರ) ಬಟ್ಟೆಯಿಂದ ಬಿಟ್ಟುಕೊಂಡಿದೆಯೇ ಎಂದು ಬೆರಳಿನಿಂದ ಉಜ್ಜಿ ನೋಡಿ. ಬಿಟ್ಟಿದ್ದರೆ ತೇವದ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಎಳೆಯದೆ, ಒಂದೊಂದು ಜಾಗದಲ್ಲಿ ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ಗಂಜಿ ಹಾಕಿದ ಅಗ್ಗದ ಬಕ್ರಮ್ (ಪಟ್ಟಿಯೊಳಗೆ ಇಡುವ ಗಡಸು ಬಟ್ಟೆ) ಬಳಸಿದ್ದರೆ ಮೊದಲ ಒಗೆತಕ್ಕೇ ಅದು ಮೆತ್ತಗಾಗುತ್ತದೆ, ಕುಗ್ಗಿ ಪಟ್ಟಿಯನ್ನು ಸುಕ್ಕಾಗಿಸುತ್ತದೆ. ಬಕ್ರಮನ್ನು ಬಿಸಿನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸುವ ಟೈಲರ್ ಮಾಸ್ಟರ್‌ಗಳ ರೂಢಿ ಸುಮ್ಮನೆ ಬಂದದ್ದಲ್ಲ.

ಇದು ಸರಿಯಿದ್ದೂ ಪಟ್ಟಿ ಬಾಯಿ ಬಿಟ್ಟರೆ ಆಕಾರವನ್ನೇ ನೋಡಬೇಕು. ಮನುಷ್ಯನ ಸೊಂಟ ಕೊಳವೆಯಲ್ಲ. ಅತಿ ಸಣ್ಣಗಿರುವ ಜಾಗದಿಂದ ಮೇಲಕ್ಕೂ ಕೆಳಕ್ಕೂ ಅದು ಅಗಲವಾಗುತ್ತದೆ. ಒಂದೂವರೆ ಇಂಚಿನ ನೇರ ಪಟ್ಟಿ ಇದನ್ನು ಸಹಿಸಿಕೊಳ್ಳುತ್ತದೆ, ಬೆಲ್ ಬಾಟಮ್‌ಗೆ ಒಪ್ಪುವ ಎರಡೂವರೆ ಮೂರು ಇಂಚಿನ ನೇರ ಪಟ್ಟಿ ಸಹಿಸುವುದಿಲ್ಲ. ಸೊಂಟಕ್ಕಿಂತ ಮೇಲೇರುವ ಪಟ್ಟಿಯ ಮೇಲಂಚು ಪಕ್ಕೆಲುಬಿಗೆ ಒತ್ತಿ ಮಡಚಿಕೊಳ್ಳುತ್ತದೆ. ಸೊಂಟಕ್ಕಿಂತ ಕೆಳಗೆ ಕೂರುವ ಪಟ್ಟಿಯ ಮೇಲಂಚು ಬೆನ್ನಿನ ಬಳಿ ಬಾಯಿ ಬಿಡುತ್ತದೆ. ಲಕ್ಷಣ ಎರಡಾದರೂ ಕಾರಣ ಒಂದೇ, ಪಟ್ಟಿಗೆ ಬಾಗು ಇಲ್ಲ.

ಅಗ್ಗದ ಪರಿಹಾರ ಹಿಂಬದಿಯ ನಡುವಿನ ಹೊಲಿಗೆಯಲ್ಲಿದೆ. ನಮ್ಮ ಟೈಲರ್‌ಗಳು ಪ್ಯಾಂಟಿನ ಎಡ ಬಲ ಭಾಗಗಳಿಗೆ ಪಟ್ಟಿಯನ್ನು ಬೇರೆ ಬೇರೆಯಾಗಿ ಕೂಡಿಸಿ, ಹಿಂದಿನ ನಡು ಹೊಲಿಗೆಯನ್ನು ಪಟ್ಟಿಯ ಮೇಲಂಚಿನವರೆಗೂ ಕೊನೆಗೆ ಹಾಕುತ್ತಾರೆ, ಅಲ್ಲಿ ಒಂದು ಇಂಚಿಗೂ ಹೆಚ್ಚು ಮಾರ್ಜಿನ್ (ಹೊಲಿಗೆಯಾಚೆ ಉಳಿಸುವ ಬಟ್ಟೆ) ಬಿಡುತ್ತಾರೆ. ಜೀನ್ಸ್‌ನಂತೆ ಒಂದೇ ಉದ್ದ ಪಟ್ಟಿ ಇಡುವವರಿಗೆ ಈ ಅನುಕೂಲ ಇರುವುದಿಲ್ಲ. ನಡು ಹೊಲಿಗೆಯಿದ್ದರೆ ಮೇಲಂಚಿನಲ್ಲಿ ಅರ್ಧ ಇಂಚು ಒಳಗೆ ತೆಗೆದು, ನಾಲ್ಕು ಇಂಚು ಕೆಳಗೆ ಹಳೆಯ ಹೊಲಿಗೆಗೆ ನಯವಾಗಿ ಸೇರಿಸಿ. ಒಟ್ಟು ಒಂದೂವರೆ ಇಂಚಿಗಿಂತ ಹೆಚ್ಚು ತೆಗೆಯಬೇಕಾಗಿ ಬಂದರೆ ಹಿಂದಿನ ಜೇಬುಗಳು ಒಂದಕ್ಕೊಂದು ತೀರಾ ಹತ್ತಿರವಾಗುತ್ತವೆ. ಆಗ ಬಾಗಿದ ಹೊಸ ಪಟ್ಟಿಯನ್ನೇ ಕತ್ತರಿಸುವುದು ಮೇಲು.

ಲಕ್ಷಣ: ಎರಡು ಕಾಲು ಕೂಡುವ ಜಾಗದಿಂದ ಗೆರೆಗಳು ಹೊರಡುತ್ತಿವೆ

ಈ ಜಾಗವನ್ನು ಕಾಲೇಜಿನಲ್ಲಿ ಕ್ರಾಚ್ ಎಂದು ಕಲಿಸುತ್ತಾರೆ, ಟೈಲರ್‌ಗಳು ಫೋರ್ಕ್ ಎನ್ನುತ್ತಾರೆ. ಪ್ಯಾಂಟಿನ ದೋಷಗಳಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಇದೇ ಆದ್ದರಿಂದ ಇಲ್ಲಿ ಅವಸರ ಮಾಡಬಾರದು. ಲಾಡಿ ಕಟ್ಟಿ, ಚಿವುಟಿ ನೋಡಿದ ಮೇಲೆ ಉಳಿದ ಗೆರೆಗಳ ದಿಕ್ಕನ್ನು ಗಮನಿಸಿ.

ಮುಂಭಾಗದಲ್ಲಿ ಫೋರ್ಕಿನಿಂದ ಸೊಂಟದ ಬದಿಗಳ ಕಡೆಗೆ ಬೆಕ್ಕಿನ ಮೀಸೆಯಂತೆ ಬಿಗಿಯಾದ ಗೆರೆಗಳು ಏರುತ್ತಿದ್ದರೆ ತೊಡೆಯ ಸುತ್ತ ಬಟ್ಟೆ ಸಾಲದು, ಅಂದರೆ ಫೋರ್ಕಿನ ಕೊಕ್ಕೆ (ಫೋರ್ಕಿನ ಬಳಿ ಪ್ಯಾಟರ್ನ್ ಹೊರಚಾಚುವ ತುದಿ) ಗಿಡ್ಡವಾಗಿದೆ. ಸ್ಟ್ರೆಚ್ ಜೀನ್ಸ್‌ನ ಪ್ಯಾಟರ್ನ್ ಬಳಸಿದವರಿಗೆ ಇದು ಬಂದೇ ಬರುತ್ತದೆ, ಏಕೆಂದರೆ ಹಿಗ್ಗುವ ಬಟ್ಟೆಗಾಗಿ ಆ ಕೊಕ್ಕೆಯನ್ನು ಮೊದಲೇ ಮೊಟಕು ಮಾಡಲಾಗಿರುತ್ತದೆ. ಹಿಗ್ಗದ ಬಟ್ಟೆಗೆ ಮುಂಭಾಗದ ಕೊಕ್ಕೆ ಸೀಟ್ ಅಳತೆಯ (ಪೃಷ್ಠದ ಸುತ್ತಳತೆಯ) ಹದಿನಾರನೇ ಒಂದು ಭಾಗದಷ್ಟು, ಅಂದರೆ 36 ಇಂಚಿನ ಸೀಟಿಗೆ ಸುಮಾರು ಎರಡೂಕಾಲು ಇಂಚು ಇರಬೇಕು. ಹಿಂಭಾಗದ್ದು ಅದಕ್ಕಿಂತ ಸಾಕಷ್ಟು ಉದ್ದ. ಪರಿಹಾರವೆಂದರೆ ಒಳಗಾಲಿನ ಹೊಲಿಗೆಯನ್ನು ಮೇಲಿನ ಆರೇಳು ಇಂಚು ಬಿಚ್ಚಿ, ಹಿಂಭಾಗದ ಮಾರ್ಜಿನ್‌ನಿಂದ ಕಾಲು ಅಥವಾ ಅರ್ಧ ಇಂಚು ಬಿಡಿಸಿ, ಕಚ್ಚಾ ಹೊಲಿಗೆ ಹಾಕಿ ಮತ್ತೆ ತೊಟ್ಟು ನೋಡುವುದು. ಮಾರ್ಜಿನ್ ಬಿಡದೆ ಓವರ್‌ಲಾಕ್ ಬ್ಲೇಡಿನಲ್ಲಿ ಕತ್ತರಿಸಿಬಿಟ್ಟಿದ್ದರೆ ಈ ದಾರಿ ಮುಚ್ಚಿದಂತೆಯೇ.

ಬಟ್ಟೆ ನಡುವೆ ಕಚ್ಚಿಕೊಂಡು, ಕುಳಿತಾಗ ಹಿಂದಿನ ಪಟ್ಟಿ ಕೆಳಕ್ಕೆ ಎಳೆಯುತ್ತಿದ್ದರೆ ಕೊರತೆ ಇರುವುದು ಅಗಲದಲ್ಲಲ್ಲ, ಎತ್ತರದಲ್ಲಿ. ಗಟ್ಟಿ ಕುರ್ಚಿಯ ಮೇಲೆ ಕುಳಿತು, ಸೊಂಟದ ಲಾಡಿಯಿಂದ ಕುರ್ಚಿಯ ಹಲಗೆಯವರೆಗೆ ಪಕ್ಕದಲ್ಲಿ ಟೇಪ್ ಇಳಿಸಿ. ಆ ಅಳತೆಗೆ ಅರ್ಧ ಇಂಚು ಸೇರಿಸಿದಷ್ಟು ಎತ್ತರ ಪ್ಯಾಂಟಿನಲ್ಲಿ ಇರಬೇಕು. ಒಂದು ಇಂಚಿನವರೆಗಿನ ಕೊರತೆಯನ್ನು ನೀಗಿಸಲು ಆ ಕಾಲದ ಮಾದರಿಯೇ ಒಂದು ಅವಕಾಶ ಕೊಟ್ಟಿದೆ: ಕಿರಿದಾದ ಪಟ್ಟಿಯನ್ನು ತೆಗೆದು ಅಗಲವಾದ, ಬಾಗಿದ ಪಟ್ಟಿ ಕೂಡಿಸಿ. ನೋಡಿದವರಿಗೆ ಅದು ತಿದ್ದುಪಡಿ ಎನ್ನಿಸುವುದಿಲ್ಲ, ವಿನ್ಯಾಸ ಎನ್ನಿಸುತ್ತದೆ. ಫೋರ್ಕನ್ನು ಕೆಳಕ್ಕೆ ಕೊರೆಯುವುದು ಇದಾದ ಮೇಲಿನ ಮಾತು. ಕೊರೆಯುವಾಗ ಮೊದಲು ಕಾಲು ಇಂಚು ಕೆಳಗೆ ಹೊಸ ಹೊಲಿಗೆ ಹಾಕಿ, ಹಳೆಯ ಹೊಲಿಗೆ ಬಿಚ್ಚಿ, ಮಾರ್ಜಿನ್‌ಗೆ ಅಲ್ಲಲ್ಲಿ ಕಚ್ಚು ಕೊಟ್ಟು ತೊಟ್ಟು ನೋಡಿದ ಮೇಲಷ್ಟೇ ಹೆಚ್ಚುವರಿ ಬಟ್ಟೆ ಕತ್ತರಿಸಬೇಕು. ಎರಡು ಸಲ ಕಾಲು ಇಂಚು ಇಳಿಸಿಯೂ ಕಚ್ಚುವುದು ನಿಲ್ಲದಿದ್ದರೆ ಅಲ್ಲಿಗೆ ಕೈ ಬಿಡಿ. ಇನ್ನೂ ಕೊರೆದರೆ ತೊಡೆಗಳ ನಡುವೆ ಬಟ್ಟೆ ಉಳಿಯದೆ ಹೆಜ್ಜೆ ಹಾಕುವುದೇ ಕಷ್ಟವಾಗುತ್ತದೆ.

ಹಿಂಭಾಗದಲ್ಲಿ ಸೀಟಿನ ಕೆಳಗೆ ಸಡಿಲ ಮಡಿಕೆಗಳಿದ್ದರೆ ತಕ್ಷಣ ಗಾಬರಿಯಾಗಬೇಕಿಲ್ಲ. ಬಿಗಿ ಜೀನ್ಸ್ ನೋಡಿ ಪಳಗಿದ ಇಂದಿನ ಕಣ್ಣು ಒಂದು ಮಡಿಕೆಯನ್ನೂ ಸಹಿಸುವುದಿಲ್ಲ, ಆದರೆ ಹಿಗ್ಗದ ಬಟ್ಟೆಯಲ್ಲಿ ನಿಂತಾಗ ಒಂದು ಮಡಿಕೆಯೂ ಇಲ್ಲವೆಂದರೆ ಅದನ್ನು ತೊಟ್ಟು ಕೂರಲಾಗದು. ಅಲ್ಲಿ ಚಿವುಟಿದಾಗ ಮುಕ್ಕಾಲು ಇಂಚಿಗಿಂತ ಹೆಚ್ಚು ಸಿಕ್ಕರೆ ಮಾತ್ರ ಅದು ದೋಷ. ಆಗ ಹಿಂಭಾಗದ ಪ್ಯಾಟರ್ನ್‌ನಲ್ಲಿ ಫೋರ್ಕಿನ ಕೆಳಗೆ ಅಡ್ಡಲಾಗಿ, ಒಳಗಾಲಿನ ಬದಿಯಲ್ಲಿ ಅರ್ಧ ಇಂಚು ಮತ್ತು ಪಕ್ಕದ ಹೊಲಿಗೆಯಲ್ಲಿ ಸೊನ್ನೆಯಾಗುವಂತೆ ಮಡಿಸಿ ತೆಗೆಯಬೇಕು. ಇದನ್ನು ಹೊಲಿದ ಪ್ಯಾಂಟಿನಲ್ಲಿ ಮಾಡಲು ಬರುವುದಿಲ್ಲ, ಹಾಗಾಗಿಯೇ ಕೋರಾ ಬಟ್ಟೆಯಲ್ಲಿ ಒಂದು ಮಾದರಿ ಹೊಲಿದು ನೋಡುವುದು ಉಳಿತಾಯ. ಬೆನ್ನಿನ ಪಟ್ಟಿಯ ತಕ್ಷಣದ ಕೆಳಗೆ ಅಡ್ಡ ಮಡಿಕೆ ಬರುವುದು ಬೇರೆ ಕಥೆ: ಬೆನ್ನು ಒಳಬಾಗಿದವರಿಗೆ ಹಾಗಾಗುತ್ತದೆ, ಪಟ್ಟಿ ಬಿಚ್ಚಿ ಹಿಂದಿನ ನಡುವಿನಲ್ಲಿ ಆ ಮಡಿಕೆಯಷ್ಟು ಎತ್ತರ ಇಳಿಸಿದರೆ ಹೋಗುತ್ತದೆ.

ಕುಳಿತಾಗ ಹಿಂದಿನ ಹೊಲಿಗೆ ಪಟ್ಟೆಂದು ಬಿಟ್ಟರೆ ಮೊದಲು ದಾರ ನೋಡಿ. ಹಳೆಯ ಹತ್ತಿ ದಾರವಾಗಿದ್ದರೆ ಬದಲಿಸಿ, ಪಾಲಿಯೆಸ್ಟರ್ ದಾರದಲ್ಲಿ ಹೊಲಿಗೆಯ ಉದ್ದ ಎರಡು ಮಿಲಿಮೀಟರಿಗೆ ಇಳಿಸಿ, ಬಟ್ಟೆಯನ್ನು ತುಸು ಎಳೆದು ಹಿಡಿದು ಎರಡು ಸಲ ಹೊಲಿಯಿರಿ.

ಲಕ್ಷಣ: ಪಕ್ಕದ ಹೊಲಿಗೆ ಮೊಣಕಾಲಿನ ಕೆಳಗೆ ಮುಂದಕ್ಕೆ ತಿರುಗುತ್ತಿದೆ

ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ನನ್ನ ಮೇಜಿಗೆ ಇಟ್ಟಿಗೆ ಬಣ್ಣದ ಡ್ರಿಲ್ ಪ್ಯಾಂಟೊಂದನ್ನು ತಂದಿಟ್ಟಳು. ಎಡಗಾಲು ನೆಟ್ಟಗಿತ್ತು, ಬಲಗಾಲಿನ ಹೊಲಿಗೆ ಪಾದದ ಬಳಿ ಶೂ ಲೇಸಿನವರೆಗೂ ಬಂದಿತ್ತು. ಪ್ಯಾಟರ್ನ್ ಸರಿಯಿತ್ತು, ಹಾಸು ನೂಲಿನ (ಬಟ್ಟೆಯ ಉದ್ದಕ್ಕೆ ಸಾಗುವ ನೂಲಿನ) ಗುರುತೂ ಸರಿಯಿತ್ತು. ಒಳಗೆ ತಿರುಗಿಸಿ ನೋಡಿದರೆ ಮುಂಭಾಗದ ಮೊಣಕಾಲಿನ ಗುರುತು ಹಿಂಭಾಗದ ಗುರುತಿಗಿಂತ ಅರ್ಧ ಇಂಚು ಕೆಳಗಿತ್ತು. ಹೊಲಿದು ಮುಗಿಸಿದಾಗ ಅಂಚಿನಲ್ಲಿ ಮೇಲಿನ ಪದರ ಸ್ವಲ್ಪ ಉಳಿಯಿತೆಂದೂ ಅದನ್ನು ಕತ್ತರಿಸಿ ಸಮ ಮಾಡಿದೆನೆಂದೂ ಅವಳೇ ಹೇಳಿದಳು. ದೋಷ ಹುಟ್ಟಿದ್ದು ಅಲ್ಲೇ. ಮೆಷಿನ್ನಿನ ಹಲ್ಲುಗಳು ಕೆಳಗಿನ ಪದರವನ್ನು ಬೇಗ ಎಳೆದುಕೊಳ್ಳುತ್ತವೆ, ಫೂಟು ಮೇಲಿನ ಪದರವನ್ನು ತಡೆಯುತ್ತದೆ. ನಲವತ್ತು ಇಂಚಿನ ಹೊಲಿಗೆಯಲ್ಲಿ ಅರ್ಧ ಇಂಚು ಹೆಚ್ಚುಕಡಿಮೆ ಆಗುವುದು ಸಹಜ. ಉಳಿದದ್ದನ್ನು ಕತ್ತರಿಸಿದರೆ ಆ ವ್ಯತ್ಯಾಸ ಕಾಲಿನೊಳಗೇ ಸಿಕ್ಕಿಕೊಂಡು ತಿರುಚುತ್ತದೆ.

ಆದ್ದರಿಂದ ಮೊದಲ ಪರೀಕ್ಷೆ ಗುರುತುಗಳದ್ದು: ಸೀಟ್, ಮೊಣಕಾಲು, ಅಂಚು ಈ ಮೂರೂ ಕಡೆ ಮುಂದಿನ ಹಿಂದಿನ ತುಂಡುಗಳ ಕಚ್ಚುಗಳು ಎದುರುಬದುರು ಬಂದಿವೆಯೇ ನೋಡಿ. ಬಂದಿಲ್ಲವಾದರೆ ಮೊಣಕಾಲಿನಿಂದ ಕೆಳಗೆ ಬಿಚ್ಚಿ, ಗುರುತಿಗೆ ಗುರುತು ಪಿನ್ ಮಾಡಿ, ಎರಡೂ ಕಾಲುಗಳನ್ನು ಮೇಲಿನಿಂದ ಕೆಳಕ್ಕೇ ಹೊಲಿಯಿರಿ. ಒಂದನ್ನು ಮೇಲಿನಿಂದ, ಇನ್ನೊಂದನ್ನು ಕೆಳಗಿನಿಂದ ಹೊಲಿದರೆ ಎರಡು ಕಾಲು ಎರಡು ರೀತಿ ಎಳೆಯುತ್ತವೆ.

ಗುರುತುಗಳು ಸರಿಯಿದ್ದೂ ಕಾಲು ತಿರುಗಿದರೆ ಹಾಸು ನೂಲನ್ನು ನೋಡಬೇಕು. ಕಾಲಿನ ನಟ್ಟನಡುವೆ ಒಂದು ಹಾಸು ನೂಲನ್ನು ಕಣ್ಣಿನಿಂದ ಹಿಂಬಾಲಿಸಿ, ಅದು ಮೊಣಕಾಲಿನಿಂದ ಅಂಚಿನವರೆಗೆ ಇಸ್ತ್ರಿ ಗೆರೆಗೆ ಸಮಾನಾಂತರವಾಗಿಲ್ಲದಿದ್ದರೆ ತುಂಡನ್ನು ಓರೆಯಾಗಿಟ್ಟು ಕತ್ತರಿಸಲಾಗಿದೆ, ಅದನ್ನು ಬದಲಿಸುವುದೊಂದೇ ದಾರಿ. ಮೂರನೆಯ ಕಾರಣ ಬಟ್ಟೆಯಲ್ಲೇ ಇರಬಹುದು. ಡೆನಿಮ್‌ನ ಓರೆ ನೇಯ್ಗೆ ಒಗೆದಾಗ ತನ್ನ ಓರೆಯ ಕಡೆಗೆ ತಿರುಗುವ ಸ್ವಭಾವದ್ದು. ಇದನ್ನು ತಪ್ಪಿಸಲೆಂದೇ 1964ರಲ್ಲಿ ರ‍್ಯಾಂಗ್ಲರ್ ಕಂಪನಿ ಓರೆಯ ದಿಕ್ಕನ್ನು ಮಧ್ಯೆ ಮಧ್ಯೆ ಬದಲಿಸುವ ಬ್ರೋಕನ್ ಟ್ವಿಲ್ ಡೆನಿಮ್ ತಂದಿತು. ಹತ್ತು ಇಂಚಿನ ಚೌಕವೊಂದನ್ನು ಕತ್ತರಿಸಿ ಒಗೆದು ಒಣಗಿಸಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಅವು ಸಮನಾಗಿಲ್ಲದಿದ್ದರೆ ಇಡೀ ಬಟ್ಟೆಯನ್ನು ಒಗೆದ ನಂತರವೇ ಪ್ಯಾಟರ್ನ್ ಹಾಸಿ.

ಲಕ್ಷಣ: ಕಾಲಿನ ಕೆಳಭಾಗ ಗಂಟೆಯಂತೆ ಅರಳುತ್ತಿಲ್ಲ

ಮನೆಯ ಹಳೆಯ ಆಲ್ಬಮ್‌ನಲ್ಲಿ 1970ರ ದಶಕದ ಮದುವೆ ಫೋಟೊ ಇದ್ದರೆ ತೆಗೆದು ಮುಂದಿಟ್ಟುಕೊಳ್ಳಿ. ಅದರಲ್ಲಿ ನಿಂತಿರುವ ಚಿಕ್ಕಪ್ಪನೋ ಸೋದರಮಾವನೋ ತೊಟ್ಟ ಬೆಲ್ ಬಾಟಮ್‌ನ ಇಸ್ತ್ರಿ ಗೆರೆ ಸೊಂಟದಿಂದ ಶೂ ತುದಿಗೆ ತೂಗುಗುಂಡಿನಂತೆ ನೇರವಾಗಿ ಇಳಿದಿರುತ್ತದೆ, ಅಗಲ ಅದರ ಎರಡೂ ಬದಿಗೆ ಸಮನಾಗಿ ಹಂಚಿರುತ್ತದೆ. ನಿಮ್ಮದರಲ್ಲಿ ಅಗಲವೆಲ್ಲ ಹೊರಬದಿಗೆ ರೆಕ್ಕೆಯಂತೆ ನಿಂತಿದೆಯೆಂದರೆ ಪಕ್ಕದ ಹೊಲಿಗೆಗೆ ಮಾತ್ರ ಬಟ್ಟೆ ಸೇರಿಸಿದ್ದೀರಿ. ಮೊಣಕಾಲಿನಲ್ಲಿ 16 ಇಂಚು, ಅಂಚಿನಲ್ಲಿ 24 ಇಂಚು ಬೇಕಿದ್ದರೆ ಹೆಚ್ಚಾಗಬೇಕಾದ 8 ಇಂಚನ್ನು ಮುಂದಿನ ಮತ್ತು ಹಿಂದಿನ ತುಂಡುಗಳ ನಾಲ್ಕು ಬದಿಗೂ ತಲಾ 2 ಇಂಚಿನಂತೆ ಹಂಚಬೇಕು. ಹೊಲಿದು ಮುಗಿದ ಪ್ಯಾಂಟಿನಲ್ಲಿ ಹೊರಬದಿಯ ಅರ್ಧ ಕಡಿಮೆ ಮಾಡಿ, ಒಳಬದಿಗೆ ಮೊಣಕಾಲಿನಿಂದ ತ್ರಿಕೋನಾಕಾರದ ಕಲಿ ಕೂಡಿಸಬಹುದು. ಬೇರೆ ಬಣ್ಣದ ಕಲಿ ಆ ಕಾಲದ ಹುಡುಗರ ಚಾಳಿಯೂ ಆಗಿತ್ತು, ಹಾಗಾಗಿ ಅಂಕ ಕಳೆಯುವ ಭಯವಿಲ್ಲ.

ಅರಳು ಶುರುವಾಗುವ ಎತ್ತರ ಇನ್ನೊಂದು ಮುಖ್ಯ ಸಂಗತಿ. ಒಳಗಾಲಿನ ಉದ್ದ 30 ಇಂಚಾದರೆ ಅರ್ಧ 15, ಅದಕ್ಕಿಂತ ಎರಡು ಇಂಚು ಮೇಲೆ, ಅಂದರೆ ಅಂಚಿನಿಂದ 17 ಇಂಚು ಎತ್ತರದಲ್ಲಿ ಮೊಣಕಾಲಿನ ರೇಖೆ ಬರಬೇಕು. ಮೀನಖಂಡದಿಂದ ಅರಳಿದರೆ ಅದು ಬೂಟ್ ಕಟ್ ಆಗುತ್ತದೆ, ತೊಡೆಯಿಂದಲೇ ಅಗಲವಾದರೆ ಪ್ಯಾರಲಲ್ ಆಗುತ್ತದೆ. ಪ್ಯಾಂಟ್ ಬೊಂಬೆಯ ಮೇಲೆ ಸರಿಯಿದ್ದು ಮೈಮೇಲೆ ತಪ್ಪಿ ಕಂಡರೆ ಲಾಡಿ ಪರೀಕ್ಷೆಗೆ ಹಿಂದಿರುಗಿ. ಸೊಂಟ ಜಾರಿರುವ ಸಾಧ್ಯತೆಯೇ ಹೆಚ್ಚು.

ಅಳತೆ ಸರಿಯಿದ್ದೂ ಬಟ್ಟೆ ಜೋತುಬಿದ್ದು ಕಾಲಿಗೆ ಸುತ್ತಿಕೊಳ್ಳುತ್ತಿದ್ದರೆ ಬಟ್ಟೆಗೆ ಕಸುವಿಲ್ಲ. ರೇಯಾನ್‌ನಂಥ ಮೆತ್ತನೆಯ ಬಟ್ಟೆಗೆ ಅಂಚಿನ ಒಳಗೆ ಎರಡು ಇಂಚಿನ ಫ್ಯೂಸಿಂಗ್ ಪಟ್ಟಿ ಕೊಟ್ಟರೆ ತೂಕ ಬಂದು ನಿಲ್ಲುತ್ತದೆ.

ಅಂಚು ಅಲೆಅಲೆಯಾಗಿದ್ದರೆ ನೀವು ಮಡಿಸಿದ ಬಟ್ಟೆಯನ್ನು ಗಮನಿಸಿ. ಕೆಳಕ್ಕೆ ಅಗಲವಾಗುತ್ತ ಹೋಗುವ ಕಾಲಿನಲ್ಲಿ ಕತ್ತರಿಸಿದ ತುದಿ ತಾನು ಕೂಡಬೇಕಾದ ಜಾಗಕ್ಕಿಂತ ಅಗಲವಾಗಿರುತ್ತದೆ, ಆ ಹೆಚ್ಚುವರಿ ಎಲ್ಲಿಗೂ ಹೋಗಲಾರದೆ ಅಲೆಯಾಗುತ್ತದೆ. ಪ್ಯಾಟರ್ನ್‌ನಲ್ಲಿ ಮಡಿಕೆಯ ರೇಖೆಯಿಂದ ಕೆಳಗೆ ಬದಿಗಳನ್ನು ಕನ್ನಡಿಯ ಪ್ರತಿಬಿಂಬದಂತೆ ಮತ್ತೆ ಒಳಕ್ಕೆ ಕಿರಿದಾಗಿಸಬೇಕು. ಈಗಾಗಲೇ ಕತ್ತರಿಸಿದ್ದರೆ ಮಡಿಕೆಯನ್ನು ಅರ್ಧ ಇಂಚಿಗೆ ಇಳಿಸಿ. ಬದಿಗಳು ಮಾತ್ರ ಕೆಳಗೆ ಜೋತುಬಿದ್ದಿದ್ದರೆ ಓರೆಯಾದ ಭಾಗ ತನ್ನ ತೂಕಕ್ಕೆ ಹಿಗ್ಗಿದೆ. ಪ್ಯಾಂಟನ್ನು ಒಂದು ರಾತ್ರಿ ಪಟ್ಟಿ ಮೇಲಾಗಿ ಕ್ಲಿಪ್ ಹಾಕಿ ತೂಗುಬಿಟ್ಟು, ಮರುದಿನ ಶೂ ತೊಟ್ಟು ನಿಂತವರ ಸುತ್ತ ನೆಲದಿಂದ ಅರ್ಧ ಇಂಚು ಮೇಲೆ ಚಾಕ್ ಗುರುತು ಹಾಕಿ, ಆಮೇಲೆ ಅಂಚು ಮಡಿಸಿ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. 24 ಇಂಚಿನ ಅಂಚು ಸೈಕಲ್ಲಿನ ಚೈನಿಗೆ, ಬೈಕಿನ ಹಿಂದಿನ ಚಕ್ರಕ್ಕೆ, ಎಸ್ಕಲೇಟರಿನ ಹಲ್ಲಿಗೆ ಸಿಕ್ಕಿಕೊಳ್ಳಬಲ್ಲದು. ಕಾಲಿನಿಂದ ತುಳಿಯುವ ಹೊಲಿಗೆ ಮೆಷಿನ್ನಿನ ಬೆಲ್ಟಿಗೂ ಅದು ಸಿಕ್ಕುತ್ತದೆ, ಹಾಗಾಗಿ ತೊಟ್ಟು ನೋಡಿದ ಪ್ಯಾಂಟಿನಲ್ಲೇ ಕುಳಿತು ತಿದ್ದಲು ಶುರು ಮಾಡಬೇಡಿ. ದ್ವಿಚಕ್ರದಲ್ಲಿ ಹೋಗುವಾಗ ಅಂಚನ್ನು ಮಡಿಸಿ ಕ್ಲಿಪ್ ಹಾಕಿಕೊಳ್ಳಿ.

ಲಕ್ಷಣ: ಜಿಪ್ ಅಲೆಯಾಗಿ ಉಬ್ಬಿದೆ ಅಥವಾ ಸಿಕ್ಕಿಕೊಳ್ಳುತ್ತಿದೆ

ಸಿಕ್ಕಿಕೊಳ್ಳುವ ಜಿಪ್ಪಿನ ಹಲ್ಲಿಗೆ ಮೇಣದ ಬತ್ತಿ ಅಥವಾ ಪೆನ್ಸಿಲಿನ ಸೀಸ ಉಜ್ಜಿ. ಉಬ್ಬಿದ ಜಿಪ್ಪನ್ನು ಪೂರ್ತಿ ತೆರೆದು ನೋಡಿ: ತೆರೆದಾಗಲೂ ಬಟ್ಟೆ ಅಲೆಯಾಗಿಯೇ ಇದ್ದರೆ ಹೊಲಿಯುವಾಗ ಬಟ್ಟೆ ಹಿಗ್ಗಿದೆ, ಬಿಚ್ಚಿ, ಬಟ್ಟೆಯ ಅಂಚಿಗೆ ಒಂದು ಇಂಚಿನ ಫ್ಯೂಸಿಂಗ್ ಕೊಟ್ಟು, ಆವಿ ಕೊಟ್ಟು ಕುಗ್ಗಿಸಿ ಮತ್ತೆ ಹೊಲಿಯಬೇಕು. ಹಾಕಿದಾಗ ಮಾತ್ರ ಉಬ್ಬಿದರೆ ಎಡ ಬಲ ಪಟ್ಟಿಗಳು ಮೇಲೆ ಕೆಳಗೆ ಆಗಿವೆ. ಲೋಹದ ಜಿಪ್ ಮೊಟಕು ಮಾಡಬೇಕಿದ್ದರೆ ಹಲ್ಲುಗಳನ್ನು ಇಕ್ಕಳದಿಂದ ಕಿತ್ತು ತೆಗೆಯಿರಿ, ಹಲ್ಲಿನ ಮೇಲೆ ಎಂದೂ ಹೊಲಿಯಬೇಡಿ.

ಲಕ್ಷಣ: ಮೊದಲ ಒಗೆತ ಅಥವಾ ಇಸ್ತ್ರಿಯ ಬಳಿಕ ಕೆಟ್ಟಿತು

ಉದ್ದ ಕಡಿಮೆಯಾಗಿದ್ದರೆ ಬಟ್ಟೆಯನ್ನು ಮೊದಲೇ ನೆನೆಸಿರಲಿಲ್ಲ ಎಂದರ್ಥ. ಸ್ಯಾನ್‌ಫರೈಸ್ ಮಾಡದ (ಗಿರಣಿಯಲ್ಲೇ ಮೊದಲು ಕುಗ್ಗಿಸಿರದ) ಡೆನಿಮ್ ಶೇಕಡಾ ಹತ್ತರವರೆಗೂ ಕುಗ್ಗಬಹುದು. ಖಾದಿ ಮತ್ತು ಕೈಮಗ್ಗದ ಬಟ್ಟೆಯೂ ಎದ್ದು ಕಾಣುವಷ್ಟು ಕುಗ್ಗುತ್ತದೆ. ಅಂಚಿನ ಮಡಿಕೆ ಬಿಡಿಸಿ ಒಳಗೆ ಬೇರೆ ಬಟ್ಟೆಯ ಪಟ್ಟಿ ಕೊಡುವುದರಿಂದ ಒಂದು ಇಂಚು ಮರಳಿ ಸಿಗುತ್ತದೆ.

ಟೆರಿಕಾಟ್ ಮೇಲೆ ಹೊಳಪು ಬಂದಿದ್ದರೆ ಇಸ್ತ್ರಿ ಅತಿ ಬಿಸಿಯಾಗಿತ್ತು. ಬಟ್ಟೆಯ ಲೇಬಲ್ ಪಟ್ಟಿಯಲ್ಲಿ ಇಸ್ತ್ರಿ ಚಿತ್ರದೊಳಗೆ ಎರಡು ಚುಕ್ಕಿ ಇದ್ದರೆ 150 ಡಿಗ್ರಿ ಸೆಲ್ಸಿಯಸ್ ಮಿತಿ, ಒಂದು ಚುಕ್ಕಿಯಿದ್ದರೆ 110. ಚಿಕ್ಕಪೇಟೆಯಲ್ಲಿ ತುಂಡು ಬಟ್ಟೆ ಕೊಂಡವರಿಗೆ ಅಂಥ ಪಟ್ಟಿ ಸಿಗುವುದಿಲ್ಲವಾದ್ದರಿಂದ ಚೂರಿನ ಮೇಲೆ ಪರೀಕ್ಷಿಸುವುದು ಅನಿವಾರ್ಯ. ತುಸು ಹೊಳಪಿದ್ದರೆ ಆವಿ ಹಿಡಿದು ಬ್ರಷ್ ಮಾಡಿದಾಗ ಕಡಿಮೆಯಾಗಬಹುದು. ನೂಲು ಕರಗಿ ಗಾಜಿನಂತಾಗಿದ್ದರೆ ಹಿಂದಿರುಗುವುದಿಲ್ಲ. ಕಾರ್ಡುರಾಯ್‌ಗೆ ಹಿಂಬದಿಯಿಂದ, ಕೆಳಗೆ ಟವೆಲ್ ಹಾಸಿ ಇಸ್ತ್ರಿ ಮಾಡಿ. ಇಸ್ತ್ರಿಪೆಟ್ಟಿಗೆಯ ವೈರಿನ ಬಟ್ಟೆಹೊದಿಕೆ ಸುಲಿದಿದ್ದರೆ ಅಥವಾ ಮುಟ್ಟಿದಾಗ ಜುಮ್ಮೆಂದರೆ ಅದನ್ನು ಅಂದೇ ರಿಪೇರಿಗೆ ಕೊಡಿ.

ಮಾಸ್ಟರ್ ಬಳಿಗೆ ಹೋಗಬೇಕಾದಾಗ

ಒಂದೇ ಹೊಲಿಗೆಯನ್ನು ಮೂರು ಸಲ ಬಿಚ್ಚಿಯಾಗಿದ್ದರೆ, ಫೋರ್ಕಿನಲ್ಲಿ ಮಾರ್ಜಿನ್ ಕಾಲು ಇಂಚಿಗಿಂತ ಕಡಿಮೆ ಉಳಿದಿದ್ದರೆ, ಅಥವಾ ಒಂದನ್ನು ತಿದ್ದಿದಾಗ ಇನ್ನೊಂದು ಕಡೆ ಹೊಸ ಗೆರೆ ಹುಟ್ಟುತ್ತಿದ್ದರೆ ಮುಂದುವರಿಯಬೇಡಿ. ಊರಿನ ಯಾವುದಾದರೂ ಹಳೆಯ ಜೆಂಟ್ಸ್ ಟೈಲರ್ ಅಂಗಡಿಯಲ್ಲಿ ಅರವತ್ತು ದಾಟಿದ ಮಾಸ್ಟರ್ ಒಬ್ಬರು ಸಿಕ್ಕರೆ ಅವರೇ ಸರಿ, ಏಕೆಂದರೆ ಅವರು ಕೆಲಸ ಕಲಿತದ್ದೇ ಬೆಲ್ ಬಾಟಮ್ ಹೊಲಿದು. ಹೋಗುವಾಗ ಇಸ್ತ್ರಿ ಮಾಡಿದ ಪ್ಯಾಂಟ್, ಪ್ಯಾಟರ್ನ್ ಕಾಗದ, ಉಳಿದ ಚೂರು ಬಟ್ಟೆ, ತೊಡಲಿರುವ ಶೂ ಮತ್ತು ಆ ನಾಲ್ಕು ಚಿತ್ರಗಳನ್ನು ಒಯ್ಯಿರಿ. ಬಿಚ್ಚಿದ ಪ್ಯಾಂಟನ್ನು ಬಿಚ್ಚಿದಂತೆಯೇ ಒಯ್ಯಬೇಡಿ. ಕಚ್ಚಾ ಹೊಲಿಗೆಯಲ್ಲಾದರೂ ಕೂಡಿಸಿಕೊಂಡು ಹೋದರೆ ಅದನ್ನು ನಿಮ್ಮ ಮೈಮೇಲೆ ನೋಡಿ ಅವರು ಚಾಕ್ ಹಾಕಬಲ್ಲರು.